ಹೂಂ ಎಂದಾಗ ನಿಂತ ಸೂಜಿ

ನೀಲಿ ತುಸು ಜಾಸ್ತಿಯಾಯಿತೇನೋ, ನೀರು ಎಲ್ಲಾದರೂ ಇಷ್ಟು ನೀಲಿ ಇರುತ್ತದೆಯೇ — ಮೇಜಿನ ಮೇಲೆ ಹರಡಿದ ಮುಖಪುಟದಲ್ಲಿ ಎರಡು ದೋಣಿ, ಎರಡರ ಮೇಲೂ ಒಂದೊಂದು ಕಾಲಿಟ್ಟ ಪುಟ್ಟ ಹುಡುಗಿ, ಹುಡುಗಿ ಅಂದರೆ ತಾನೇ, ತನ್ನದೇ ಬಾಲ್ಯದ ಪುಸ್ತಕ, ಆರದ ಮಸಿಯ ವಾಸನೆ, ಆಚೆ ಕೋಣೆಯಲ್ಲಿ ಯಂತ್ರದ ಧಡಧಡ, ಎದುರಿಗೆ ಪ್ರಕಾಶಕಿ ಕನ್ನಡಕ ಹಣೆಗೇರಿಸಿ ಕಾಯುತ್ತಿದ್ದಾರೆ, ಹೂಂ ಅಂದುಬಿಡಿ ಮೇಡಂ, ಮಧ್ಯಾಹ್ನ ಅಚ್ಚಿಗೆ ಹೋಗ್ಬೇಕು, ಎರಡು ದೋಣಿ ಅಂದ್ರೆ ಯಾರಿಗಾದ್ರೂ ಥಟ್ ಅಂತ ಅರ್ಥ ಆಗುತ್ತೆ. ಆಗುತ್ತದೆ, ಅದೇ ತೊಂದರೆ. ಅಮ್ಮನಂತೂ ನಕ್ಕೇ ನಕ್ಕಳು, ನೀನ್ಯಾವಾಗ ಕಣೇ ದೋಣಿ ಹತ್ತಿದ್ದು, ಬಕೆಟ್ ನೀರು ಕಂಡ್ರೆ ಮಂಚದಡಿ ಸೇರ್ತಿದ್ದೋಳು — ಹತ್ತಿಲ್ಲ, ನಿಜ, ಆದರೆ ಬೆಳೆದದ್ದು ಎರಡು ಮನೆಗಳಲ್ಲಿ, ಎರಡು ಭಾಷೆಗಳಲ್ಲಿ, ಶಾಲೆಯಿದ್ದಾಗ ಅಮ್ಮನ ಅಮ್ಮನ ಹತ್ತಿರ, ರಜೆ ಬಂದರೆ ಅಪ್ಪನ ಅಮ್ಮನ ಹತ್ತಿರ, ಅವಳು ಕಥೆಯಜ್ಜಿ, ಇವಳು ಸೂಜಿಯಜ್ಜಿ. ಕಥೆಯಜ್ಜಿಯ ಕಥೆ ಹೂಂಗುಟ್ಟದೆ ಹೆಜ್ಜೆ ಕಿತ್ತಿಡುತ್ತಿರಲಿಲ್ಲ, ರಾಜಕುಮಾರ ಕುದುರೆ ಹತ್ತಿದ, ಹೂಂ, ಬೆಟ್ಟ ದಾಟಿದ, ಹೂಂ, ಹೂಂಗುಡೇ ಮೂದೇವಿ, ಇಲ್ದಿದ್ರೆ ಕುದುರೆ ಅಲ್ಲೇ ನಿಂತು ಹುಲ್ಲು ಮೇಯುತ್ತೆ — ನಡುವೆ ನಿದ್ದೆ ಹೋದರೆ ಬೆಳಿಗ್ಗೆ ಎದ್ದು, ಪಾಪ, ಅದು ಇನ್ನೂ ಮೇಯುತ್ತಿದೆಯೇನೋ ಎಂದು ಕಣ್ಣುಜ್ಜಿಕೊಳ್ಳುತ್ತಲೇ ಹೂಂ ಅಂದದ್ದೂ ಉಂಟು.

ಸೂಜಿಯಜ್ಜಿಯ ಮನೆಯಲ್ಲಿ ಗಡಿಯಾರಕ್ಕೆ ಮಾತ್ರ ಬಾಯಿ. ಕಿಟಕಿಯ ಪಕ್ಕ ಬೆನ್ನು ನೆಟ್ಟಗಿಟ್ಟು ಅಂಗಿಗಳಿಗೆ ಗುಂಡಿ ಹೊಲಿಯುವ ಅಜ್ಜಿ, ಒಬ್ಬರು ಮಾತಾಡುವಾಗ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ, ಒಂದೇ ಒಂದು ಸಂಜೆ ಅವಳು ತಾನಾಗಿ ಬಾಯಿಬಿಟ್ಟದ್ದು, ನಂಗೊಬ್ಬ ತಮ್ಮ ಇದ್ದ, ನಿನ್ನಷ್ಟೇ ಇದ್ದ, ಒಂದಿನ ಮೆಟ್ಟಿಲ ಮೇಲೆ ಕೂತು ಶೂ ದಾರ ಕಟ್ಕೊಳ್ತಾ — ಹೂಂ, ಅಂದಳು ಮೊಮ್ಮಗಳು, ಹುರುಪಿನಿಂದ, ಕುದುರೆ ನಿಲ್ಲಬಾರದಲ್ಲ — ಮೇಲೆದ್ದ ಸೂಜಿ ಗಾಳಿಯಲ್ಲೇ ನಿಂತಿತು, ದಾರ ಬಿಗಿದು, ತುದಿಯಲ್ಲಿ ಕಿಟಕಿಯ ಬೆಳಕು. ಹೂಂ, ಇನ್ನೊಮ್ಮೆ. ಸೂಜಿ ಕದಲಲಿಲ್ಲ. ಹೊರಗೆ ಕತ್ತಲಾಯಿತು, ತಮ್ಮನ ಕಥೆ ಮತ್ತೆಂದೂ ಬರಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಒಂದು ಸಾಲು, ಆ ಕಡೆಯ ದೋಣಿ ತಣ್ಣಗಿತ್ತು, ಅದರಲ್ಲಿ ಮುಟ್ಟಿದರೆ ಮುನಿಯುವ ಅಜ್ಜಿಯೊಬ್ಬಳಿದ್ದಳು. ಒಂದೇ ಸಾಲು. ಇವತ್ತು ಬೆಳಿಗ್ಗೆ ಅಪ್ಪನ ಫೋನು, ಪುಸ್ತಕದಲ್ಲಿ ನಾನಿದ್ದೀನಾ ಅಂತ ಕೇಳ್ತಿದಾಳೆ ಕಣಮ್ಮ ನಿಮ್ಮಜ್ಜಿ, ಅಚ್ಚಾಗಿ ಬಂದ ತಕ್ಷಣ ನಾನು ಅವಳ ಭಾಷೇಲಿ ಓದಿ ಹೇಳ್ಬೇಕಂತೆ, ಆಮೇಲೆ ಇನ್ನೊಂದು, ಅದು ನಂಗೂ ತಲೆಬುಡ ತಿಳೀಲಿಲ್ಲ, ತಮ್ಮನ ವಿಷಯ ಹೇಳ್ತಿದ್ದಾಗ ನೀನೇನೋ ಹೇಳೋಕೆ ಹೊರಟಿದ್ಯಂತೆ, ಅದೇನು ಅಂತ ಕೇಳು ಅಂದ್ಲು. ನಾನಾ? ಏನಿಲ್ಲಪ್ಪ, ಎಂದು ಬಸ್ಸು ಹತ್ತಿದ್ದಳು.

ಮೇಡಂ, ಹೂಂ ತಾನೆ? ಹೂಂ ಗಂಟಲವರೆಗೆ ಬಂದಿದೆ — ಗಂಟಲು, ಹೌದು, ಸೂಜಿಯಜ್ಜಿಯ ಮನೆಯಲ್ಲಿ ಗಂಟಲು ಸದ್ದು ಮಾಡಿತೆಂದರೆ, ಹೂಂ ಆಗಲಿ ಕೆಮ್ಮಾಗಲಿ, ನನಗೂ ಮಾತಿದೆ ಎಂದು ಅರ್ಥ, ಮಾತಾಡುತ್ತಿದ್ದವರು ನಿಲ್ಲಿಸಿ ದಾರಿ ಬಿಡಬೇಕು, ಅಪ್ಪನೂ ಹಾಗೇ ಅಲ್ಲವೇ, ಊಟದ ಮಧ್ಯೆ ಯಾರು ಕೆಮ್ಮಿದರೂ ಮಾತು ನಿಲ್ಲಿಸಿ ಅವರ ಮುಖವನ್ನೇ ನೋಡುತ್ತ ಕೂರುತ್ತಿದ್ದದ್ದು, ಹೇಳ್ರೀ ಮುಂದೆ, ಅದು ಬರೀ ಕೆಮ್ಮು, ಎಂದು ಅಮ್ಮ ರೇಗುತ್ತಿದ್ದದ್ದು — ಮುನಿಸಲ್ಲ, ಮುನಿಸೇ ಅಲ್ಲ, ಅಜ್ಜಿ ದಾರಿ ಬಿಟ್ಟಿದ್ದಳು, ತಮ್ಮನನ್ನು ಮೆಟ್ಟಿಲ ಮೇಲೆ ಹಾಗೇ ಕೂರಿಸಿ, ಮಗು ಏನೋ ಹೇಳುತ್ತದೆ ಎಂದು ಅವಳು, ಅಜ್ಜಿ ಮುಂದೆ ಹೇಳಲಿ ಎಂದು ಇವಳು, ಇವಳು ಹೂಂ ಅಂದಷ್ಟೂ ಅವಳು ಕಾದಳು, ಇವತ್ತು ಬೆಳಿಗ್ಗೆಯವರೆಗೂ ಕಾದಳು. ದೋಣಿ ಬೇಡ. ಅಯ್ಯೋ, ಈಗ ಹೇಳ್ತೀರಲ್ಲ, ಮತ್ತೇನು ಹಾಕೋದು? ಆ ಸಾಲು ಹೊಡೆದುಹಾಕಬೇಕು, ಅಪ್ಪನಿಗೆ ಫೋನು ಮಾಡಿ ಅಜ್ಜಿಗೆ ಕೊಡು ಅನ್ನಬೇಕು, ನಂದೇನೂ ಇರಲಿಲ್ಲ ಅಜ್ಜಿ, ನೀನು ಹೇಳು, ಶೂ ದಾರ ಕಟ್ಕೊಳ್ತಾ, ಆಮೇಲೆ? ಕೇಳಿ ಸುಮ್ಮನಾಗಬೇಕು, ಎದೆಯಲ್ಲಿ ಎಷ್ಟು ಹೂಂ ಎದ್ದರೂ ನುಂಗಿಕೊಂಡು — ಮತ್ತೇನು ಮೇಡಂ, ಪ್ರಕಾಶಕಿಯ ಪೆನ್ನು ಕಾಯುತ್ತಿದೆ, ಮತ್ತೇನು, ನೀರಿಲ್ಲ, ನೀಲಿಯಿಲ್ಲ, ಒಂದು ಕಿಟಕಿ, ಬಿಗಿದ ದಾರ, ಗಾಳಿಯಲ್ಲಿ ಸೂಜಿ.