ಏರ್‌ಗನ್ನಿನ ತಿರುಪು ಮತ್ತು ನನ್ನ ಮೀಸೆ

"ಭಾವ, ಎದುರಿಗೆ ಆನೆ ನಿಂತ್ರೂ ನಿಮ್ಮ ಗುಂಡು ಅದಕ್ಕೆ ತಾಗಲ್ಲ," ಎಂದು ಊಟಕ್ಕೆ ಕೂತಾಗ ನನ್ನ ಹೆಂಡತಿಯ ತಮ್ಮ ಕೆಣಕಿದ. ಕೇಳಿಸಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಭಾನುವಾರ ಕ್ಲಬ್ಬಿನಲ್ಲಿ ಇಬ್ಬರೂ ಏರ್‌ಗನ್ ಹೊಡೆಯುವುದು, ಸೋತವನು ಮೀಸೆ ಬೋಳಿಸುವುದು ಎಂದು ಅಲ್ಲೇ ಪಂದ್ಯ ಕಟ್ಟಿದೆ. ಆ ಪಾಪಿಗೆ ಮೀಸೆಯೇ ಇಲ್ಲ ಎನ್ನುವುದು ಕೈ ಕುಲುಕಿದ ಮೇಲೆ ಹೊಳೆಯಿತು. ನನ್ನದೋ, ಮದುವೆಗೂ ಮೊದಲಿನ ಮೀಸೆ! ಅದಿಲ್ಲದೆ ನನ್ನ ಬಡಗಿ ಅಂಗಡಿಯಲ್ಲಿ ಕೂತರೆ ಗಿರಾಕಿಗಳು "ಮೇಸ್ತ್ರಿ ಎಲ್ಲಿಗೆ ಹೋದ್ರು?" ಎಂದು ನನ್ನನ್ನೇ ಕೇಳಿಯಾರು.

ನನ್ನ ಬಂದೂಕಿಗೆ ಗುರಿ ನೋಡುವ ಹೊಸ ದುರ್ಬೀನು ತಂದು ಕೂರಿಸಿದೆ. ಅದಕ್ಕೆ ಮೇಲೊಂದು, ಪಕ್ಕಕ್ಕೊಂದು ತಿರುಪು. ಗುಂಡು ಕೆಳಗೆ ಬಿದ್ದರೆ ಮೇಲಿನದನ್ನು ತಿರುಗಿಸಬೇಕು, ಎಡಕ್ಕೆ ಹೋದರೆ ಪಕ್ಕದ್ದನ್ನು. ಸಂಜೆ ಹಿತ್ತಿಲಲ್ಲಿ ಮರಳಿನ ಚೀಲದ ಮೇಲೆ ಬಂದೂಕು ಇಟ್ಟು, ಹೊಡೆದು, ನೋಡಿ, ಟಿಕ್ ಟಿಕ್ ಎಂದು ತಿರುಗಿಸಿ, ಗುಂಡುಗಳೆಲ್ಲ ಕಾಗದದ ಕಪ್ಪು ಚುಕ್ಕಿಗೇ ಬೀಳುವಂತೆ ಮಾಡಿದೆ. ಮರುದಿನ ಹೊಡೆದರೆ ಎಡಕ್ಕೆ, ಕೆಳಕ್ಕೆ! ಮತ್ತೆ ಸರಿಮಾಡಿದೆ. ಅದರ ಮರುದಿನವೂ ಅದೇ ಹಣೆಬರಹ. ಒಂದು ಗುಂಡಂತೂ ಒಣಗಹಾಕಿದ್ದ ನನ್ನದೇ ಪ್ಯಾಂಟಿನ ಹಿಂಭಾಗಕ್ಕೆ ನುಗ್ಗಿತು. ದುರ್ಬೀನು ಮಾರಿದವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

ಶನಿವಾರ ಬೆಳಿಗ್ಗೆ ಗುಟ್ಟು ರಟ್ಟಾಯಿತು. ನನ್ನ ಹೆಂಡತಿ ಪ್ಲಂಬರ್. ಸಡಿಲವಾದ ನಲ್ಲಿ ಕಂಡರೆ, ಅದು ನೆಂಟರ ಮನೆಯದಾದರೂ ಸರಿ, ಬಿಗಿ ಮಾಡುವ ತನಕ ಅವಳ ಗಂಟಲಲ್ಲಿ ನೀರಿಳಿಯದು. ಬಂದೂಕಿನ ಧೂಳು ಒರೆಸಿ, ಇಕ್ಕಳ ಹಿಡಿದು, ದುರ್ಬೀನಿನ ತಿರುಪುಗಳನ್ನು ಬಿಗಿಯುತ್ತಿದ್ದಳು.

"ಅಯ್ಯೋ, ಏನೇ ಮಾಡ್ತಿದ್ದೀಯ?"

"ದಿನಾ ನಾನು ಬಿಗಿ ಮಾಡ್ತೀನಿ, ದಿನಾ ನೀವು ಸಡಿಲ ಮಾಡಿಡ್ತೀರಿ. ಎಷ್ಟು ಅಂತ ಮಾಡ್ಲಿ ರೀ?"

ತಲೆ ಚಚ್ಚಿಕೊಂಡು ಎಲ್ಲ ವಿವರಿಸಿದೆ. "ಹಿಂಗೆ ಬಿಗಿ ಮಾಡಿದ್ರೆ ನನ್ನ ಮೀಸೆ ಹೋಗುತ್ತೆ ಕಣೇ!"

ಪಾಪ, ಅವಳ ಮುಖ ಸಪ್ಪಗಾಯಿತು. ಸಂಜೆ ಮತ್ತೆ ಗುರಿ ಕೂರಿಸಿ ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಕ್ಲಬ್ಬಿನಲ್ಲಿ ನನ್ನ ಮೊದಲ ಗುಂಡು ಬಲಕ್ಕೆ, ಮೇಲಕ್ಕೆ ಹಾರಿತು. ಎರಡನೆಯದು ಗುರಿಯ ಹಲಗೆಯನ್ನೇ ದಾಟಿತು. ಪಂದ್ಯದ ನಡುವೆ ತಿರುಪು ಮುಟ್ಟುವಂತಿಲ್ಲ ಎಂದು ಜಂಬದಿಂದ ಷರತ್ತು ಹಾಕಿದವನೂ ನಾನೇ. ತಿರುಗಿ ಹೆಂಡತಿಯ ಮುಖ ನೋಡಿದೆ.

"ಬಿಗಿ ಇರಬಾರದು ಅಂದ್ರಲ್ಲ," ಎಂದಳು ಹೆಮ್ಮೆಯಿಂದ. "ಬೆಳಿಗ್ಗೆ ಎದ್ದು ಚೆನ್ನಾಗಿ ಸಡಿಲ ಮಾಡಿಟ್ಟಿದ್ದೀನಿ."

ಭಾಮೈದ ಗೆದ್ದು ಕುಣಿದ. ಮನೆಗೆ ಬಂದು ಕನ್ನಡಿಯ ಮುಂದೆ ಮೀಸೆ ಬೋಳಿಸುವಾಗ ನನಗೆ ಅಳುವೇ ಬಂತು. ಟವೆಲ್ ಹಿಡಿದು ನಿಂತಿದ್ದ ಹೆಂಡತಿ ನನ್ನ ಮುಖ ನೋಡಿದಳು, ಮತ್ತೆ ನೋಡಿದಳು, ಆಮೇಲೆ ಕೆನ್ನೆ ಹಿಂಡಿದಳು.

"ಇಷ್ಟು ವರ್ಷ ಈ ಮುಖಾನ ಎಲ್ಲಿ ಬಚ್ಚಿಟ್ಟಿದ್ರಿ?"

"ಸುಮ್ನಿರೇ! ನಾಳೆಯಿಂದಲೇ ಮತ್ತೆ ಮೀಸೆ ಬಿಡ್ತೀನಿ."

"ಬಿಡಿ, ಬಿಡಿ. ಬಂದೂಕು ಮಾತ್ರ ನನ್ನ ಕೈಗೆ ಸಿಗೋ ಹಾಗಿಡಿ," ಎಂದು ಅವಳು ಇಕ್ಕಳವನ್ನು ಜೇಬಿಗಿಳಿಸಿದಳು.