ಸವೆದ ಅಂಚಿನ ಬಾಣಲೆ

“ನಿಮ್ಮ ಗುಡ್ಡದ ಮಂದಿ ಬುದ್ಧೀನೇ ಇಷ್ಟು. ಒಡಕು ಬಾಣಲೆಗೆ ಹಂದಿ ಕೊಬ್ಬು ಬಳಿದು, ಮಿರಮಿರ ಮಿಂಚಿಸಿ ನಮ್ಮ ತಲೆಗೆ ಕಟ್ಟೋಕೆ ನೋಡ್ತೀರ. ಬಾಯಲ್ಲಿ ನೆಟ್ಟಗೆ ನಾಲ್ಕು ಹಲ್ಲಿರಲ್ಲ, ಮೋಸಕ್ಕೇನೂ ಕಮ್ಮಿ ಇಲ್ಲ. ನನಗೆ ದುಡ್ಡೂ ವಾಪಸ್ ಬೇಕು, ಕ್ಷಮೆಯೂ ಬೇಕು.”

ಡೆಲ್ಫಾ ಫೋನಿನಲ್ಲಿ ಬಂದ ಆ ಸಂದೇಶವನ್ನು ನಿಂತೇ ಓದಿದಳು. ಒಂದು ಕೈಯಿಂದ ಮಾತ್ರ ರಬ್ಬರ್ ಗವಸು ಕಳಚಿದ್ದಳು. ಎದುರಿಗೆ ಶೆಡ್ಡಿನ ಡ್ರಮ್ಮಿನಲ್ಲಿ, ಕಾಸ್ಟಿಕ್ ಸೋಡಾ ನೀರಿನೊಳಗೆ, ಜಿಡ್ಡುಗಟ್ಟಿದ ಐದು ಬಾಣಲೆಗಳು ಮುಳುಗಿದ್ದವು. ಬಾಣಲೆ ಕೊಂಡು ಹಾಗೆ ಬರೆದ ಮೆರಿಡಿತ್ ಎಂಬ ಹೆಂಗಸು ಅವಳನ್ನು ಒಮ್ಮೆಯೂ ಕಂಡವಳಲ್ಲ. ಆದರೂ ಡೆಲ್ಫಾಳ ನಾಲಿಗೆ ತಾನಾಗಿಯೇ ಹೋಗಿ ಬಲದವಡೆಯ ಎರಡು ಖಾಲಿ ಸಂದುಗಳನ್ನು ಮುಟ್ಟಿ ಬಂತು. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು.

ಕೆಳಗೆ, ಅವಳು ಬಾಣಲೆ ಮಾರುವ ಆನ್‌ಲೈನ್ ಮಾರುಕಟ್ಟೆ ಕಂಪನಿಯ ಸಂದೇಶವಿತ್ತು. ಅದು ಬಹಳ ಮರ್ಯಾದೆಯದು. ಇದು ನಿಮ್ಮ ಅಂಗಡಿಯ ಮೇಲಿನ ಮೂರನೆಯ ದೂರು. ಕಳಿಸುವಾಗಲೇ ಬಾಣಲೆ ಒಡೆದಿತ್ತೆಂದು ಶುಕ್ರವಾರ ಸಂಜೆ ಐದರೊಳಗೆ ಒಪ್ಪಿ ಬರೆದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಮುಚ್ಚಲಾಗುವುದು.

ಮೊದಲನೆಯ ದೂರು ಕೊಟ್ಟವನು ಬಾಣಲೆಯನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿ ತುಕ್ಕು ಹಿಡಿಸಿಕೊಂಡಿದ್ದ. ಎರಡನೆಯವಳಿಗೆ ಅದು ಫೋಟೋದಲ್ಲಿ ಅಷ್ಟು ಭಾರವಾಗಿ ಕಂಡಿರಲಿಲ್ಲವಂತೆ. ಎರಡು ಸಲವೂ ಡೆಲ್ಫಾ ‘ತಪ್ಪಾಯಿತು’ ಎಂದು ಬರೆದಿದ್ದಳು. ವೃದ್ಧಾಶ್ರಮದಲ್ಲಿ ಹತ್ತೊಂಬತ್ತು ವರ್ಷ ಮುದುಕರ ಹಾಸಿಗೆ ಬದಲಿಸಿದವಳಿಗೆ ಆ ಮಾತು ಉಸಿರಿನಷ್ಟೇ ಸಲೀಸು. ಬೆನ್ನು ಹೋದಮೇಲೆ ಆ ಕೆಲಸವೂ ಹೋಯಿತು. ಈ ಕಣಿವೆಯಲ್ಲಿ ಗಣಿ ಮುಚ್ಚಿದ ಮೇಲೆ ಬೇರೆ ಕೆಲಸವೆಂಬುದು ಇರಲಿಲ್ಲ. ಹಳೇ ಮನೆಗಳ ಹಟ್ಟಿ ಕೊಟ್ಟಿಗೆಗಳಿಂದ ಬೀಡು ಕಬ್ಬಿಣದ ಬಾಣಲೆ ತರುವುದು, ಉಜ್ಜುವುದು, ಕೊಬ್ಬು ಸವರಿ ಒಲೆಯಲ್ಲಿಟ್ಟು ಪಳಗಿಸುವುದು, ಫೋನಿನಲ್ಲಿ ಮಾರುವುದು. ಅವಳ ಪಾಲಿಗೆ ಉಳಿದದ್ದು ಇಷ್ಟೇ.

ಮಾರನೆಯ ಬೆಳಿಗ್ಗೆ ನಾದಿನಿ ಅರ್ಲೀನ್ ರಸ್ತೆಯ ಕಡೆಯಿಂದ ಪೆಟ್ಟಿಗೆ ಹೊತ್ತು ತಂದಳು. “ಅತ್ತಿಗೇ, ನಿನ್ ಬಾಣ್ಲಿ ಗಂಡನ ಮನೆ ಬಿಟ್ಟು ವಾಪಸ್ ಬಂತು ನೋಡು! ಕಳಿಸ್ದಾಗ್ಲೇ ನೆಟ್ಟಗೆ ಬುದ್ಧಿ ಹೇಳಿ ಕಳಿಸ್ಬಾರ್ದಾ?”

ಡೆಲ್ಫಾ ನಗಲಿಲ್ಲ. ಪೆಟ್ಟಿಗೆ ಕೊಯ್ದು ಬಾಣಲೆ ಎತ್ತಿದಳು. ಎತ್ತಿದ ಕ್ಷಣವೇ ಕೈಗೆ ಗೊತ್ತಾಯಿತು. ಹಿಡಿಯ ತೂತಿಗೆ ಬೆರಳು ತೂರಿಸಿ, ಅದನ್ನು ಗಾಳಿಯಲ್ಲಿ ತೂಗುಬಿಟ್ಟು, ಮರದ ಸೌಟಿನಿಂದ ಒಂದೇಟು ಕೊಟ್ಟಳು. ಒಂದೊಂದು ಬಾಣಲೆಯನ್ನೂ ಕಟ್ಟಿ ಕಳಿಸುವ ಮುಂಚೆ ಹೀಗೆ ಬಾರಿಸಿ ನೋಡುವುದು ಅವಳ ಪದ್ಧತಿ. ನೆಟ್ಟಗಿದ್ದರೆ ಚರ್ಚಿನ ಗಂಟೆಯ ಹಾಗೆ ಮೊಳಗುತ್ತದೆ.

ಡಬ್, ಎಂದಿತು.

“ಒಡ್ದೈತಲ್ಲೇ,” ಎಂದಳು ಅರ್ಲೀನ್.

“ಒಡ್ದೈತೆ. ಆದ್ರೆ ಇದು ನಂದಲ್ಲ.”

“ನಿಂದಲ್ಲ ಅಂದ್ರೆ? ಅದೇ ಅಳ್ತೆ, ಅದೇ ಅಚ್ಚು.”

“ಅಮ್ಮನ ಬಾಣ್ಲಿ ಕೈಗೆ ಗೊತ್ತಾಗಲ್ವೇನೇ?”

ಅರ್ಲೀನಳ ಬಾಯಿ ತೆರೆದೇ ಉಳಿಯಿತು. “ವರ್ಜಿ ಅತ್ತೇದಾ? ಅದನ್ನ ಮಾರಿದ್ಯಾ?”

ಡೆಲ್ಫಾ ಯಾರಿಗೂ ಹೇಳಿರಲಿಲ್ಲ. ಈಗಲೂ ಸೌಟನ್ನೇ ನೋಡುತ್ತ ಹೇಳಿದಳು. “ಹೋದ ತಿಂಗ್ಳು ಹಿಮ ಸುರ್ದಾಗ ಗ್ಯಾಸ್ ಟ್ಯಾಂಕು ಖಾಲಿಯಾಯ್ತಲ್ಲ. ತುಂಬ್ಸೋಕೆ ಚರ್ಚಿನೋರು ದುಡ್ಡು ಕೊಟ್ರು ಅಂತ ನಿಂಗೆ ಹೇಳಿದ್ದೆ. ಯಾರೂ ಕೊಟ್ಟಿರ್ಲಿಲ್ಲ ಕಣೇ.”

ಅಮ್ಮ ವರ್ಜಿ ಎಡಚಿ. ಶಾಲೆಯಲ್ಲಿ ಬಲಗೈಯಲ್ಲಿ ಬರಿ ಎಂದು ಎಡಗೈಯನ್ನು ಕುರ್ಚಿಗೆ ಕಟ್ಟಿಹಾಕುತ್ತಿದ್ದರಂತೆ. ಆ ಕೈ ಬಿಡುಗಡೆ ಕಂಡದ್ದು ಒಲೆಯ ಮುಂದೆ ಮಾತ್ರ. ಐವತ್ತು ವರ್ಷ ಅವಳು ಅದೇ ಬಾಣಲೆಯಲ್ಲಿ ಹಿಟ್ಟಿನ ಗೊಜ್ಜು ಕೆದಕಿ, ಎಲ್ಲರ ಬಾಣಲೆ ಸವೆಯುವ ಕಡೆ ಬಿಟ್ಟು ಇನ್ನೊಂದು ಕಡೆಯ ಅಂಚನ್ನು ಸವೆಸಿದ್ದಳು. ಬೆರಳಾಡಿಸಿದರೆ ಸಾಕು, ಬೆಣ್ಣೆಯಲ್ಲಿ ಚಮಚ ಎಳೆದ ಹಾಗೆ ಅಲ್ಲಿ ಸಣ್ಣ ತಗ್ಗು. ವಾಪಸ್ ಬಂದ ಈ ಬಾಣಲೆಯ ಅಂಚು ಸುತ್ತಲೂ ಒಂದೇ ಸಮ ಇತ್ತು.

“ಹಂಗಾದ್ರೆ ಮಾರೋಕೆ ಹಾಕಿದ್ದ ಫೋಟೋ ತೋರ್ಸು! ಆ ಬೇವರ್ಸಿ ಬಾಯಿ ಮುಚ್ಚುತ್ತೆ,” ಅಂದಳು ಅರ್ಲೀನ್.

ಡೆಲ್ಫಾ ಫೋಟೋಗಳನ್ನು ತೆರೆದು ತೋರಿಸಿದಳು. ಏಳು ಫೋಟೋ. ಏಳರಲ್ಲೂ ಆ ಅಂಚು ಬೆಳಕಿನಿಂದಾಚೆ ತಿರುಗಿತ್ತು. ಸವೆದದ್ದು ಕಂಡರೆ ಕೊಳ್ಳುವವರು ಬೆಲೆ ಇಳಿಸುತ್ತಾರೆಂದು ಅವಳೇ ತಿರುಗಿಸಿಟ್ಟು ತೆಗೆದ ಫೋಟೋಗಳು. ಅಮ್ಮನ ಕೈಯ ಗುರುತನ್ನು ಊನವೆಂದು ಮುಚ್ಚಿಟ್ಟವಳು ತಾನೇ.

ಕಂಪನಿಯ ಸಹಾಯವಾಣಿಯಲ್ಲಿ ಒಂದು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಯುವಕ ಸಿಕ್ಕಿದ. ಅವನ ದನಿ ಇಸ್ತ್ರಿ ಹಾಕಿದ ಅಂಗಿಯ ಹಾಗಿತ್ತು.

“ನಿಮ್ಮ ಬೇಸರ ನಮಗೆ ಅರ್ಥವಾಗುತ್ತೆ ಮೇಡಂ. ನೀವು ಕಳಿಸಿದ್ದು ಬೇರೆ ಬಾಣಲೆ ಅನ್ನೋದಕ್ಕೆ ಫೋಟೋ ಇದ್ಯಾ?”

“ಇಲ್ಲ ಕಣಪ್ಪ. ಆದ್ರೆ ಸದ್ದೈತೆ. ನನ್ ಬಾಣ್ಲಿ ಗಂಟೆ ಹಂಗೆ ಮೊಳಗ್ತಿತ್ತು. ಇದು ಕೇಳು ಹೆಂಗೈತೆ.” ಫೋನಿನ ಹತ್ತಿರ ಹಿಡಿದು ಬಾರಿಸಿದಳು. ಡಬ್.

ಆ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು. “ಸರಿ ಮೇಡಂ. ಬಾಣಲೆ ಒಡೆದಿದೆ ಅಂತ ಮಾರಾಟಗಾರರೇ ಒಪ್ಪಿದ್ದಾರೆ ಅಂತ ಬರ್ಕೊಂಡಿದೀನಿ.”

“ಲೋ, ನಾನೆಲ್ಲಿ ಒಪ್ದೆ? ಇದು ನಂದಲ್ಲ ಅಂತ ತಾನೆ ಹೇಳ್ತಿರೋದು!”

“ದಯವಿಟ್ಟು ಮರ್ಯಾದೆಯಿಂದ ಮಾತಾಡಿ ಮೇಡಂ. ಈ ಕರೆ ರೆಕಾರ್ಡ್ ಆಗ್ತಿದೆ. ಗ್ರಾಹಕರ ಹಣ ಇವತ್ತೇ ವಾಪಸ್ ಹೋಗಿದೆ. ನಿಮ್ಮ ಕಡೆಯಿಂದ ಒಪ್ಪಿಗೆಯ ಎರಡು ಸಾಲು ಬಂದ್ರೆ ಸಾಕು. ಬೇರೇನಾದ್ರೂ ಸಹಾಯ ಬೇಕಿತ್ತಾ?”

“ಸದ್ದು ರೆಕಾರ್ಡ್ ಆಯ್ತಾ?”

“ಏನು ಮೇಡಂ?”

“ಏನಿಲ್ಲ ಬಿಡು.”

ಆ ಎರಡು ಸಾಲನ್ನು ಅವಳು ಬರೆದೂ ಬರೆದಳು. ‘ಬಾಣಲೆ ನನ್ನ ಕೈಲಿದ್ದಾಗಲೇ ಒಡೆದಿತ್ತು. ತಪ್ಪಾಯಿತು.’ ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ನಿಂತಿತ್ತು. ಅಂಗಡಿ ಉಳಿದರೆ ಡ್ರಮ್ಮಿನಲ್ಲಿರುವ ಐದೂ ಹೋಗುತ್ತವೆ, ಮುಂದಿನ ತಿಂಗಳೂ ಒಲೆ ಉರಿಯುತ್ತದೆ. ಅಮ್ಮ ಸತ್ತಾಗಿದೆ. ಸತ್ತವಳ ಬಾಣಲೆಗೆ ಒಡಕು ಅಂದರೆ ಅವಳಿಗೇನು ನೋವೇ? ಹಾಗೆಂದುಕೊಳ್ಳುತ್ತಿರುವಾಗ ಎಡಗೈ ಕಟ್ಟಿಸಿಕೊಂಡು ಕುಳಿತ ಒಬ್ಬ ಹುಡುಗಿ ಕಣ್ಣ ಮುಂದೆ ಬಂದಳು. ಅವಳೂ ಹಲಗೆಯ ಮೇಲೆ ಅದನ್ನೇ ಬರೆದಿರಬೇಕು: ತಪ್ಪಾಯಿತು.

ಹೆಬ್ಬೆರಳು ಇಳಿಯಲಿಲ್ಲ. ಎದ್ದು ಪೆಟ್ಟಿಗೆಯ ಮೇಲಿನ ಚೀಟಿ ಓದಿದಳು. ಕಳಿಸಿದವರ ವಿಳಾಸ ಮನೆಯದಲ್ಲ, ಒಂದು ಅಂಗಡಿಯದು. ಲೆಕ್ಸಿಂಗ್ಟನ್ ನಗರದ್ದು. ಅಂಗಡಿಯ ಹೆಸರು ‘ಗುಡ್ಡದ ಅಡುಗೆಮನೆ’.

ಶುಕ್ರವಾರ ಸಂಜೆ, ಐದಾಗಲು ಇನ್ನೂ ಸ್ವಲ್ಪ ಹೊತ್ತಿರುವಾಗ, ಅರ್ಲೀನಳ ಪಿಕಪ್ಪು ಆ ಅಂಗಡಿಯ ಮುಂದೆ ನಿಂತಿತು. “ಜಗಳ ಆಡ್ಬೇಡ ಅತ್ತಿಗೆ,” ಎಂದಳು ಅರ್ಲೀನ್. ಆಮೇಲೆ ತಡೆದು, “ಆಡೋದಾದ್ರೆ ನನ್ನ ಕರಿ,” ಎಂದಳು.

ಒಳಗೆಲ್ಲ ದಾಲ್ಚಿನ್ನಿಯ ವಾಸನೆ. ಯಾರದೋ ಕೊಟ್ಟಿಗೆಯ ಹಲಗೆ ಕಿತ್ತು ಗೋಡೆ ಮಾಡಿದ್ದರು. ಯಾರದೋ ಅಜ್ಜಿಯ ಕೌದಿ, ಯಾರೋ ಗಣಿ ಕೆಲಸದವನ ಬುತ್ತಿ ಡಬ್ಬಿ, ಒಂದೊಂದಕ್ಕೂ ಬೆಲೆಯ ಚೀಟಿ. ಬುತ್ತಿ ಡಬ್ಬಿ ನೋಡಿ ಡೆಲ್ಫಾಗೆ ಗಣಿಗೆ ಹೋಗುತ್ತಿದ್ದ ತನ್ನ ಸತ್ತ ಗಂಡ ನೆನಪಾದ. ಎದುರು ಗೋಡೆಯಲ್ಲಿ, ಪುಟ್ಟ ದೀಪದ ಕೆಳಗೆ, ಅಮ್ಮನ ಬಾಣಲೆ ತೂಗುತ್ತಿತ್ತು. ಡೆಲ್ಫಾ ಫೋಟೋದಲ್ಲಿ ಕತ್ತಲಿಗೆ ತಿರುಗಿಸಿಟ್ಟಿದ್ದ ಅಂಚಿನ ಮೇಲೆಯೇ ಇವರು ಬೆಳಕು ಬಿಟ್ಟಿದ್ದರು. ಪಕ್ಕದ ಚೀಟಿಯಲ್ಲಿ ದುಂಡಗೆ ಬರೆದಿತ್ತು: ‘ಅಪ್ಪಟ ಗುಡ್ಡಗಾಡಿನ ಅಜ್ಜಿಯೊಬ್ಬರದು. ತಲೆಮಾರಿನ ಕೈ ಸವೆಸಿದ ಈ ಅಂಚೇ ಇದರ ಸೊಗಸು.’

ಡೆಲ್ಫಾ ಅದನ್ನು ಎರಡು ಸಲ ಓದಿದಳು.

“ಅದನ್ನ ಮುಟ್ಟಬೇಡಿ, ಪ್ಲೀಸ್.” ಬಂದವಳು ಮೆರಿಡಿತ್. ಎದೆಯ ಮೇಲಿನ ಬಿಲ್ಲೆಯಲ್ಲಿ ಆ ಹೆಸರಿತ್ತು, ಸಂದೇಶದ ಕೆಳಗೂ ಅದೇ ಹೆಸರಿತ್ತು. “ನಿಮಗೆ ಬೇಕಾಗಿರೋದು ಏನು ಹೇಳಿ. ಕಡಿಮೆ ಬೆಲೆಯವೆಲ್ಲ ಬಾಗಿಲ ಹತ್ರ ಇಟ್ಟಿದೀವಿ.”

“ಆ ಅಜ್ಜಿ ಹೆಸರು ಗೊತ್ತೇನವ್ವ ನಿಂಗೆ?”

“ಏನು?”

“ಚೀಟೀಲಿ ಬರ್ದಿದ್ಯಲ್ಲ, ಆ ಅಜ್ಜಿ. ವರ್ಜಿ ಅಂತ. ನಮ್ಮವ್ವ.”

ಮೆರಿಡಿತ್‌ಳ ಮುಖದ ನಗೆ ಹೋಗಲಿಲ್ಲ, ಬಿಗಿದುಕೊಂಡಿತು. “ನೀವು ಯಾರು ಅಂತ ಗೊತ್ತಾಯ್ತು. ನೋಡಿ, ಕಂಪನಿ ತೀರ್ಮಾನ ಮಾಡಿಯಾಗಿದೆ. ಇಲ್ಲಿ ಗಿರಾಕಿಗಳಿದಾರೆ.”

“ಇರ್ಲಿ ಬಿಡು, ಅವ್ರೂ ಕೇಳ್ಲಿ.” ಡೆಲ್ಫಾ ಚೀಲದಿಂದ ಒಡಕು ಬಾಣಲೆ ತೆಗೆದು ಗಾಜಿನ ಮೇಜಿನ ಮೇಲೆ ಇಟ್ಟಳು. ನಿಧಾನವಾಗಿಯೇ ಇಟ್ಟಳು. “ಇದು ನಿಂದು. ದುಡ್ಡೂ ನಿನ್ ಕೈಗೇ ಬಂದೈತೆ. ಇನ್ನು ಅದು ನಂದು.”

ಗೋಡೆಯಿಂದ ಬಾಣಲೆ ಇಳಿಸಿದಳು. ಹೆಬ್ಬೆರಳು ನೇರ ಆ ತಗ್ಗಿಗೆ ಹೋಗಿ ಕೂತಿತು.

“ಕಳ್ಳಿ! ಹಾಡಹಗಲೇ! ಪೊಲೀಸ್ ಕರೀತೀನಿ ನಾನು.”

“ಕರಿಯೇ ಹಲ್ಕಾ. ಅವ್ರು ಬರೋವರ್ಗೂ ಇಲ್ಲೇ ಇರ್ತೀನಿ. ಓಡೋಗೋಕೆ ನಂಗೆ ಬೆನ್ನಿಲ್ಲ.”

ಕಿಟಕಿಯ ಬಳಿ ಅಲಂಕಾರಕ್ಕೆ ಇಟ್ಟ ತೂಗುಕುರ್ಚಿಯೊಂದಿತ್ತು. ‘ದಯವಿಟ್ಟು ಕೂರಬೇಡಿ’ ಎಂಬ ಫಲಕವನ್ನು ನೆಲಕ್ಕಿಟ್ಟು ಡೆಲ್ಫಾ ಕೂತಳು. ಕೋಟಿನ ಜೇಬಿನಿಂದ ಮರದ ಸೌಟು ತೆಗೆದಳು. ಬಾಣಲೆಯ ಹಿಡಿಯ ತೂತಿಗೆ ಬಲಗೈಯ ಬೆರಳು ತೂರಿಸಿದಳು. ಅಮ್ಮನ ಹಾಗೆ ಸೌಟನ್ನು ಎಡಗೈಗೆ ತೆಗೆದುಕೊಂಡಳು. ಕೈ ಒಗ್ಗಲಿಲ್ಲ, ಏಟು ಸೊಟ್ಟಗೆ ಬಿತ್ತು. ಆದರೂ ಬಾಣಲೆ ಮೊಳಗಿತು.

ಠಣ್.

ಕೌದಿ ನೋಡುತ್ತಿದ್ದ ಇಬ್ಬರು ಹೆಂಗಸರು ತಿರುಗಿದರು. ಮೆರಿಡಿತ್ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕಿವಿ ಮುಚ್ಚಿ, ವಿಳಾಸ ಹೇಳುತ್ತಿದ್ದಳು. ಹೊರಗೆ ಪಿಕಪ್ಪಿನ ಬಾಗಿಲು ದಢಾರನೆ ಬಡಿದ ಸದ್ದಾಯಿತು. ಅರ್ಲೀನ್ ಇಳಿದಿರಬೇಕು.

ಡೆಲ್ಫಾಳ ಜೇಬಿನಲ್ಲಿ ಫೋನು ನಡುಗಿತು. ಗೋಡೆಯ ಗಡಿಯಾರದಲ್ಲಿ ಐದು. ತನ್ನ ಅಂಗಡಿ ಮುಚ್ಚಿತೆಂಬ ಸುದ್ದಿ ಇರಬಹುದು. ಅವಳು ತೆಗೆದು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಗಾಜಿನಾಚೆ ಪೊಲೀಸ್ ಗಾಡಿಯ ಕೆಂಪು ನೀಲಿ ದೀಪ ಸುತ್ತುತ್ತ ಬಂದು ನಿಂತಿತು. ಆ ಬಣ್ಣ ಬಾಣಲೆಯ ಕಪ್ಪು ಮೈಮೇಲೆ ಹರಿದು, ಸವೆದ ಅಂಚಿನ ಹತ್ತಿರ ಒಂದಿಷ್ಟು ಜಾರಿತು.

ಅವಳು ಸೌಟನ್ನು ಮತ್ತೆ ಎತ್ತಿದಳು.