ದ್ಯಾವಮ್ಮ ಬೇರೆ ಒಲೆ ಹೂಡಿದ್ದು

ವಜ್ರಳ್ಳಿಯ ಆಚೆ, ಗಾಡಿದಾರಿ ಇಳಿದು ಮತ್ತೆ ಏರುವಲ್ಲಿ ಹೊಸಕೊಪ್ಪವೆಂಬ ಸಣ್ಣ ಊರು. ಅಲ್ಲಿನ ದ್ಯಾವಮ್ಮನ ಹೆಸರು ಯಲ್ಲಾಪುರದ ಪೇಟೆಯವರೆಗೂ ಗೊತ್ತಿತ್ತು. ಲಾಕಪ್ಪು ಕಂಡು ಬಂದ ಹೆಂಗಸು ಆ ಸೀಮೆಯಲ್ಲಿ ಅವಳೊಬ್ಬಳೇ. ಅದೂ ಒಂದು ಹೊರೆ ಒಣ ಸೌದೆಗಾಗಿ.

ಆ ಮಳೆಗಾಲದಲ್ಲಿ ಅವಳ ತಂಗಿ ನಾಗಿ ಹೆತ್ತು ಮಲಗಿದ್ದಳು. ಮನೆಯಲ್ಲಿ ಕಾಯಿಸಲು ಸೌದೆಯಿರಲಿಲ್ಲ. ಊರಿನ ತಲೆಯ ಮೇಲೇ ಅಬ್ಬಿಕಾನು ಎಂಬ ದಟ್ಟ ಕಾಡಿತ್ತು. ಆದರೆ ಅದು ಸರ್ಕಾರದ ರಿಜರ್ವು, ಅಲ್ಲಿ ಬಿದ್ದ ಕಡ್ಡಿಯೂ ಸರ್ಕಾರದ್ದೇ. ಗಾಳಿಗೆ ಮುರಿದ ಟೊಂಗೆಗಳನ್ನು ಆಯ್ದು ಹೊತ್ತು ಬರುತ್ತಿದ್ದವಳನ್ನು ಗಾರ್ಡು ಮಡಿವಾಳಪ್ಪ ಹಿಡಿದ. ಅವಳು ಯಲ್ಲಾಪುರದ ಲಾಕಪ್ಪಿನಿಂದ ತಿರುಗಿ ಬರುವಷ್ಟರಲ್ಲಿ ಥಂಡಿ ಹೊಕ್ಕ ಕೂಸು ತೀರಿಕೊಂಡಿತ್ತು. ನಾಗಿ ಅಕ್ಕನನ್ನು ಕಂಡು ಅಳಲೂ ಇಲ್ಲ, ಸುಮ್ಮನೆ ಗೋಡೆಯ ಕಡೆ ತಿರುಗಿ ಮಲಗಿದಳು.

ಮುಂದೆ, ಆ ಸೀಮೆಯನ್ನು ಆಗ ಆಳುತ್ತಿದ್ದ ಮುಂಬಯಿಯಲ್ಲಿ ನಮ್ಮವರ ಮಂತ್ರಿಮಂಡಲ ಬಂತು. ಅಸೆಂಬ್ಲಿಯ ಮೆಂಬರು ವಿಘ್ನೇಶ್ವರ ಹೆಗಡೇರು ಕಾಡಿನ ಕಷ್ಟ ಕೇಳಲು ಯಲ್ಲಾಪುರಕ್ಕೆ ಬಂದಾಗ ಗಂಡಸರೆಲ್ಲ ಹಿಂದೆ ಮುಂದೆ ನೋಡುತ್ತ ನಿಂತಿದ್ದರು. ದ್ಯಾವಮ್ಮ ಮುಂದೆ ಹೋಗಿ ಹೇಳಿದಳು: “ಒಣಗಿದ್ದು ನಮಗೆ ಬಿಡಿ ಒಡೆಯಾ. ಹಸಿಮರ ನಾವು ಮುಟ್ಟೋದಿಲ್ಲ. ಊರಿನ ನೀರು ಆ ಕಾನಿಂದಲೇ ಇಳಿಯೋದು. ಅದನ್ನ ಕಡಿದ್ರೆ ನಾವೇ ಸಾಯ್ತೇವೆ, ಅಷ್ಟು ತಿಳೀದೇ ಹೋಗ್ತದಾ?”

ಹೆಗಡೇರು ಆ ಮಾತನ್ನು ಹಾಗೆಯೇ ಮುಂಬಯಿಯ ಸಭೆಯಲ್ಲಿ ಹೇಳಿದರಂತೆ. ವಾದ ನಡೆಯಿತು, ತಿದ್ದುಪಡಿಗಳಾದವು, ಕಡೆಗೆ ಕಾಯ್ದೆ ಪಾಸಾಯಿತು. ಊರಿಗೆ ಹೊಂದಿದ ಕಾನು ಇನ್ನು ಮುಂದೆ ಊರಿನದೇ. ಒಣ ಸೌದೆಗೆ ಯಾರೂ ಯಾರನ್ನೂ ಕೇಳಬೇಕಿಲ್ಲ. ಹಸಿಮರ ಕಡಿಯುವುದಿದ್ದರೆ ಮಾತ್ರ ಊರೆಲ್ಲ ಒಪ್ಪಬೇಕು.

ಅದನ್ನು ಜನರಿಗೆ ಓದಿ ಹೇಳಲು ಶಿರಸಿಯಲ್ಲಿ ದೊಡ್ಡ ಸಭೆ ಕರೆದರು. ದ್ಯಾವಮ್ಮನಿಗೆ ಕರೆ ಬಂತು. ಗಂಡ ತಿಮ್ಮ, “ನೀ ಹೋಗಿ ಬಾ. ನಿನ್ನ ಮಾತಿಂದ ಬಂದ ಕಾಯ್ದೆ” ಎಂದು ತಾನೇ ಅವಲಕ್ಕಿ ಕಟ್ಟಿಕೊಟ್ಟು ಕಳಿಸಿದ. ಸಭೆಯಲ್ಲಿ ಅವಳಿಗೆ ಹಾರ ಹಾಕಿದರು. ಇಸಳೂರಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಕೆಲ ದಿನ ಉಳಿದಳು. ಅತ್ತೆ ಬಂದವರಿಗೆಲ್ಲ ಅವಳನ್ನು ತೋರಿಸಿದ್ದೇ ತೋರಿಸಿದ್ದು.

ತಿರುಗಿ ಹೊರಟಾಗ ಶಿರಸಿಯ ಇದ್ದಿಲು ವ್ಯಾಪಾರಿ ದಾದಾಸಾಬನ ಗಾಡಿಗಳು ಆ ಕಡೆಗೇ ಹೊರಟಿದ್ದವು. ದಾದಾಸಾಬ ಹಳೆಯ ಪರಿಚಯದವ, ನಡುವಯಸ್ಸಿನ ಮೆತ್ತನೆಯ ಮನುಷ್ಯ. “ಬಾ ಬೆಹನ್, ಹತ್ತು. ಖಾಲಿ ಗಾಡಿ” ಎಂದ. ಅವನ ಹೆಂಡತಿ ರೋಷನ್ ಬೀ ದಾರಿಗೆಂದು ಬಾಳೆಹಣ್ಣು ಕೊಟ್ಟಳು. ಇಷ್ಟು ಖಾಲಿ ಗಾಡಿಗಳು ಎಲ್ಲಿಗೆ ಹೋಗುತ್ತಿವೆ ಎಂದು ದ್ಯಾವಮ್ಮ ಕೇಳಲೇ ಇಲ್ಲ. ಅವಳ ತಲೆಯಲ್ಲಿ ಇನ್ನೂ ಸಭೆಯ ಗದ್ದಲವೇ ತುಂಬಿತ್ತು.

ಊರು ಹತ್ತಿರವಾದಂತೆ ಕಟ್ ಕಟ್ ಎಂಬ ಸದ್ದು ಕೇಳಿತು. ಯಾರೋ ಮನೆ ಕಟ್ಟುತ್ತಿರಬೇಕು ಎಂದುಕೊಂಡಳು. ತಿರುವು ದಾಟಿದ ಮೇಲೆ ಅವಳ ಕಣ್ಣಿಗೆ ಬಿದ್ದದ್ದು ಆಕಾಶ. ಅಲ್ಲಿ ಆಕಾಶ ಕಾಣಬಾರದಾಗಿತ್ತು. ಹುಟ್ಟಿದಾಗಿನಿಂದ ಅಲ್ಲಿ ಅವಳು ಕಂಡದ್ದು ಹೆಬ್ಬಲಸು, ಸುರಗಿ, ರಾಮಪತ್ರೆ ಮರಗಳ ಕಪ್ಪುಹಸಿರನ್ನು. ಈಗ ಕಾನಿನ ಕೆಳಮಗ್ಗಲು ಬೋಳಾಗಿ ಕೆಂಪುಮಣ್ಣು ಕಾಣುತ್ತಿತ್ತು. ಅಡ್ಡಬಿದ್ದ ಮರಗಳ ಎಲೆ ಇನ್ನೂ ಬಾಡಿರಲಿಲ್ಲ. ಮೂರ್ನಾಲ್ಕು ಕಡೆ ಇದ್ದಿಲ ಗೂಡುಗಳಿಂದ ದಟ್ಟ ಹೊಗೆ ಏಳುತ್ತಿತ್ತು.

“ದಾದಾಸಾಬಾ, ಯಾರು ಇವರು? ಎಲ್ಲಿಯ ಕಳ್ಳರು?” ಅವಳು ಹೊಗೆಯ ಕಡೆ ಕೈ ತೋರಿಸಿದಳು.

ದಾದಾಸಾಬ ಅವಳ ಮುಖ ನೋಡಿ ಗಕ್ಕನೆ ಗಾಡಿ ನಿಲ್ಲಿಸಿದ. “ಯಾ ಅಲ್ಲಾ, ನಿಂಗೆ ಗೊತ್ತಿಲ್ವಾ? ನಿನ್ನ ಗಂಡನೇ ಹೇಳಿ ಕಳಿಸಿದ್ದು, ಇದ್ದಿಲು ಅದೆ ಗಾಡಿ ತನ್ನಿ ಅಂತ. ನೀನೂ ಸೇರೇ ಮಾಡಿದ್ದು ಅಂದ್ಕೊಂಡಿದ್ದೆ ನಾನು.”

ಅವಳು ಗಾಡಿಯಿಂದ ಇಳಿದದ್ದು ಅವಳಿಗೇ ನೆನಪಿಲ್ಲ. ಬಿದ್ದ ಮರಗಳ ಮೇಲೆ ಎಡವುತ್ತ ಏರಿದಳು. ಕೊಡಲಿ ಎತ್ತಿದವರಲ್ಲಿ ಹೊರಗಿನವರು ಒಬ್ಬರೂ ಇರಲಿಲ್ಲ. ಎಲ್ಲ ಊರಿನ ಮುಖಗಳೇ. ಎದುರಿಗೇ, ಅದೇ ಊರಿನಲ್ಲಿದ್ದ ಅವಳ ತವರುಮನೆಯ ತಮ್ಮ ಕೆರಿಯ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದ.

“ಅಕ್ಕಾ ಬಂದ್ಯಾ! ನೋಡು, ಗಾರ್ಡು ಇಲ್ಲ ಎಂತ ಇಲ್ಲ. ರಾಜರ ಹಾಗೆ ಕಡೀತಾ ಇದ್ದೇವೆ!”

“ಯಾರ ಕೇಳಿ ಕಡದ್ಯೋ?”

“ಯಾರನ್ನ ಕೇಳೋದು? ನಮ್ಮದೇ ಅಲ್ಲನಾ ಈಗ!”

ಆ ಮಾತಿಗೆ ಅವಳು ಹೊಡೆತ ತಿಂದವಳಂತೆ ನಿಂತುಬಿಟ್ಟಳು. ಸರ್ಕಾರದ್ದಾಗಿದ್ದಾಗ ಒಂದು ಕಡ್ಡಿ ಎತ್ತಲು ಹೆದರುತ್ತಿದ್ದ ಜನ. ನಮ್ಮದು ಎಂದ ಕೂಡಲೇ ಮೊದಲು ನೆನಪಾದದ್ದು ಕೊಡಲಿಯೇ?

ತಿಮ್ಮ ಮೇಲಿನಿಂದ ಇಳಿದು ಬಂದ. ಅವಳ ಕಣ್ಣು ನೋಡಿದವನೇ ಕೆರಿಯನನ್ನು ದೂರ ಕಳಿಸಿದ.

“ಕೂಗಬೇಡ ಮಾರಾಯ್ತಿ, ಕೇಳು” ಎಂದ. “ಈ ಕಾಯ್ದೆ ಎಷ್ಟು ದಿನ ನಿಲ್ತದೆ ಅಂತ ನಿಂಗೆ ಗೊತ್ತಾ? ಮುಂಬಯಿಯಲ್ಲಿ ಇವತ್ತು ಇವರು, ನಾಳೆ ಮತ್ಯಾರೋ. ತಿರುಗಿ ರಿಜರ್ವು ಅಂದ್ರೆ ಸರ್ಕಾರವೇ ಕಡಿದು ಹಡಗಿಗೆ ತುಂಬಿಸ್ತದೆ. ನನ್ನಪ್ಪ ನೋಡಿದ್ದ ಅದನ್ನ. ಇದ್ದಾಗ ನಾವೇ ತಗೊಂಡ್ರೆ ನಮ್ಮ ಮಕ್ಕಳಿಗಾದ್ರೂ ಆತದೆ.”

“ನೀರು?”

“ಮೇಲಿನ ಕಾನು ಅದೆಯಲ್ಲ ಇನ್ನೂ.”

“ಅದನ್ನೂ ಕಡೀತೀರಿ.”

ತಿಮ್ಮನ ಕಣ್ಣು ಮೇಲೆ ಉಳಿದ ಮರಗಳ ಕಡೆ ಹೋಯಿತು. ಅವಳಿಗೆ ಹೆಚ್ಚು ದಿಗಿಲಾದದ್ದು ಅದಕ್ಕೇ. ಅವನು ಕುಡುಕನಲ್ಲ, ಆಸೆಬುರುಕನಲ್ಲ. ಅವಳು ಲಾಕಪ್ಪಿನಲ್ಲಿದ್ದಾಗ ಠಾಣೆಯ ಹೊರಗೆ ಮಳೆಯಲ್ಲಿ ಕೂತಿದ್ದ ಮನುಷ್ಯ. ಅವಲಕ್ಕಿ ಕಟ್ಟಿಕೊಡುವಾಗಲೇ ಅವನ ಮನಸ್ಸಿನಲ್ಲಿ ಇದಿತ್ತೇ? ಅದನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಕನಸಿನಲ್ಲೂ ಹೋಗೆನೆಂದುಕೊಂಡಿದ್ದ ಜಾಗಕ್ಕೆ ಹೋದಳು. ಗಾರ್ಡು ಮಡಿವಾಳಪ್ಪ ತನ್ನ ಕಾವಲುನಾಕೆಯ ಮುಂದೆ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ಅವಳನ್ನು ಕಂಡು ಅವನಿಗೂ ಕಸಿವಿಸಿಯಾಯಿತು.

“ಅಬ್ಬಿಕಾನು ಕಡೀತಾ ಇದ್ದಾರೆ. ನಿಲ್ಸಿ” ಎಂದಳು.

ಮಡಿವಾಳಪ್ಪ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ. “ನನ್ನ ಕೈಯಾಗ ಏನೈತಿ ತಾಯಿ? ಆ ಕಾಡಿನ ಮ್ಯಾಲಿನ ನನ್ನ ಅಧಿಕಾರ ನೀನ ಕಸಗೊಂಡಿ. ನಿಮ್ಮ ಊರಾಗ ಉರಿಯೋ ಒಂದೊಂದು ಒಲಿಗೂ ಒಂದೊಂದು ಮಾತು ಅಂತ ಬರದಾರ. ಒಲಿ ಎಲ್ಲಾ ಹೂಂ ಅಂದ್ರ ಮುಗೀತು. ಅಂದಾವಂತ.”

“ನಾನು ಅಂದಿಲ್ಲ.”

“ನಿನ್ನ ಒಲಿ ಅಂದ್ರ ನಿನ್ನ ಗಂಡನ ಒಲಿ. ಅಂವ ಅಂದಾನ.”

“ಒಂದು ಒಲೆ ಬೇಡ ಅಂದ್ರೆ?”

“ಒಂದ ಒಂದು ಬ್ಯಾಡ ಅಂದ್ರೂ ಕೊಡ್ಲಿ ಎತ್ತಂಗಿಲ್ಲ. ಎತ್ತಿದ್ರ ನಾ ಬರತೀನಿ.”

ದ್ಯಾವಮ್ಮ ಆ ದಾರಿಯುದ್ದಕ್ಕೂ ಒಂದೇ ಮಾತನ್ನು ಯೋಚಿಸುತ್ತ ಬಂದಳು. ಮನೆಗೆ ಬಂದವಳು ಒಳಗೆ ಹೋಗಿ ತಾನು ತವರಿನಿಂದ ತಂದ ಮಡಕೆ ಎತ್ತಿಕೊಂಡಳು. ಒಂದು ಹಿಡಿ ಅಕ್ಕಿ ತೆಗೆದುಕೊಂಡಳು. ಅಂಗಳದಾಚೆ ಹಾಳುಬಿದ್ದ ಕರುಕೊಟ್ಟಿಗೆಯಲ್ಲಿ ಮೂರು ಕಲ್ಲಿಟ್ಟು ಬೆಂಕಿ ಹೊತ್ತಿಸಿದಳು.

ಗಂಡ ಬದುಕಿರುವಾಗ ಹೆಂಡತಿ ಬೇರೆ ಒಲೆ ಹೂಡುವುದೆಂದರೆ ಏನೆಂದು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಅಣ್ಣತಮ್ಮಂದಿರು ಹಿಸೆಯಾದಾಗ ಬೇರೆ ಒಲೆ. ಗಂಡ ಸತ್ತು ಮೈದುನರ ಜೊತೆ ಬಾಳಲಾಗದಿದ್ದಾಗ ಬೇರೆ ಒಲೆ. ಹೊಗೆ ಕಂಡು ಅತ್ತೆ, ತಿಮ್ಮನ ತಾಯಿ ಹೊನ್ನಿ, ಓಡಿಬಂದಳು. ಕೊಟ್ಟಿಗೆಯ ಬಾಗಿಲಲ್ಲಿ ನಿಂತವಳ ಕೈ ತಾನಾಗಿಯೇ ಬಾಯಿಗೆ ಹೋಯಿತು.

“ಎಂತ ಮಾಡ್ದೆ ಹೆಣ್ಣೇ! ಅವನು ಬದುಕಿದ್ದಾನೆ!”

“ಬದುಕಿರಲಿ ಅತ್ತೆ. ನೂರು ವರ್ಷ ಬದುಕಲಿ.” ದ್ಯಾವಮ್ಮ ಮಡಕೆಗೆ ಅಕ್ಕಿ ಸುರಿದಳು, ಅರ್ಧ ಬೂದಿಗೆ ಬಿತ್ತು. “ನನ್ನ ಒಲೆ ಬೇಡ ಅನ್ನುತ್ತದೆ. ಹೋಗಿ ಅಷ್ಟು ಹೇಳಿ ಅವರಿಗೆ.”

ಮೇಲೆ ಕೊಡಲಿಗಳು ಒಂದೊಂದಾಗಿ ನಿಂತವು. ಗಂಡಸರು ಬಂದರು. ಕೆರಿಯ ಅಕ್ಕನಿಗೆ ಬಾಯಿಗೆ ಬಂದಂತೆ ಬೈದ. ತವರಿನ ಹೊಸ್ತಿಲು ಇನ್ನು ತುಳಿಯಬೇಡ ಎಂದ. ತಿಮ್ಮ ಬಂದು ಆ ಮೂರು ಕಲ್ಲುಗಳನ್ನು ನೋಡಿದ. ಬೈದಿದ್ದರೆ, ಒಲೆ ಒದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಜಗುಲಿಯ ಮೇಲೆ ಕುಸಿದು ಕೂತ, ಅಷ್ಟೇ.

ಇದು ಒಲೆಯೇ ಅಲ್ಲ, ಹೆಂಗಸಿನ ಹಟ ಎಂದು ಊರವರು ತಕರಾರು ಎತ್ತಿದರು. ಸುದ್ದಿ ಕೇಳಿ ಬಂದಿದ್ದ ಮಡಿವಾಳಪ್ಪ, “ಹೊಗಿ ಕಾಣ್ತದ, ಅನ್ನ ಕುದೀತದ. ನಾ ಒಲಿ ಅಂತೀನಿ. ನಿಮಗ ಬ್ಯಾಡಾದ್ರ ಮೆಂಬರ್‌ನ್ನ ಕರಸ್ರಿ” ಎಂದ.

ವಿಘ್ನೇಶ್ವರ ಹೆಗಡೇರು ಯಲ್ಲಾಪುರದವರೆಗೆ ಮೋಟಾರಿನಲ್ಲಿ ಬಂದು ಅಲ್ಲಿಂದ ಗಾಡಿಯಲ್ಲಿ ಬಂದರು. ಬೋಳಾದ ಇಳಿಜಾರನ್ನು ಕಂಡಾಗ ಗಾಡಿಯಲ್ಲೇ ಎದ್ದು ನಿಂತರು. “ಇದನ್ನೇ ಉಳಿಸ್ತಾರೆ ಹೇಳಿ ಆನು ಅಷ್ಟು ಜನರ ಎದುರಿಗೆ ಹೇಳಿದ್ದೆನಲ್ಲ” ಎಂದು ತಮ್ಮ ಮನೆಮಾತಾದ ಹವ್ಯಕದಲ್ಲಿ ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಕೊಟ್ಟಿಗೆಗೆ ಬಂದು, ಮಾಸಿದ ಸೀರೆಯಲ್ಲಿ ಹೊಗೆಯ ನಡುವೆ ಕೂತವಳನ್ನು ನೋಡಿದರು. ತಾವು ಹಾರ ಹಾಕಿದ ಹೆಂಗಸು ಇವಳೇ ಎಂದು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಊರವರ ಮುಂದೆ ಅವರು ಕಾಯ್ದೆ ಓದಿದರು. ಒಂದು ಕಡೆ ನಿಂತು ಮತ್ತೆ ಓದಿದರು. “ಒಲೆ ಹೇಳಿ ಮಾತ್ರ ಬರೆದಿದೆ. ಗಂಡಸಿನ ಒಲೆ, ಹೆಂಗಸಿನ ಒಲೆ ಹೇಳಿ ಬರೆದಿಲ್ಲೆ” ಎಂದರು. ಅದನ್ನು ಬರೆದವರ್ಯಾರಿಗೂ ಇಂಥದೊಂದು ದಿನ ಬರುತ್ತದೆಂದು ಹೊಳೆದಿರಲಿಲ್ಲವೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. “ಅವಳದ್ದೂ ಒಂದು ಮಾತು. ಬೇಡ ಹೇಳಿದ ಮೇಲೆ ಬೇಡವೇ.”

ಜನ ಚದುರಿದರು. ಯಾರೂ ಅವಳೊಡನೆ ಮಾತಾಡಲಿಲ್ಲ. ಇದ್ದಿಲ ಗೂಡುಗಳು ತಾವಾಗಿ ಆರಿದವು. ಆದದ್ದನ್ನು ತುಂಬಿಕೊಂಡು ದಾದಾಸಾಬನ ಗಾಡಿಗಳು ಹೋದವು. ಮತ್ತೆ ಆ ಕಡೆ ಬರಲಿಲ್ಲ. ಮೇಲಿನ ಕಾನು ಉಳಿಯಿತು. ಕೆಳಗಿನದು ಹೋದದ್ದು ಹೋಯಿತು. ಆ ಬೇಸಿಗೆಯಲ್ಲಿ ಹಳ್ಳದ ಒಂದು ಕವಲು, ಯಾರೂ ಬತ್ತಿದ್ದು ಕಂಡಿರದ ಕವಲು, ಬರೀ ಕಲ್ಲಾಯಿತು. ಕೊಡ ಹಿಡಿದು ಬಂದ ಹೆಂಗಸರು ಆ ಕಲ್ಲುಗಳನ್ನು ನೋಡುತ್ತ ನಿಂತರು. ಅವರಲ್ಲಿ ನಾಗಿ ಒಬ್ಬಳು ಕೊಡ ಅಲ್ಲೇ ಇಟ್ಟು ಕಾನಿಗೆ ಹೋಗಿ, ಒಂದು ಹೊರೆ ಒಣ ಸೌದೆ ಆಯ್ದು ತಂದು, ಅಕ್ಕನ ಕೊಟ್ಟಿಗೆಯಲ್ಲಿ ಇಳಿಸಿ ಹೋದಳು.

ಮೊದಲ ಮಳೆ ಬಿದ್ದ ದಿನ ತಿಮ್ಮ ಬಂದ. ಬಾಗಿಲಲ್ಲಿ ಬಗ್ಗಿ, ಒಳಗೆ ಬರದೆ ಹೇಳಿದ: “ಸಾಕು. ಮನೆಗೆ ಬಾ. ಕಡಿಯೋದಿಲ್ಲ ನಾನು.”

“ನೀವು ಕಡಿಯೋದಿಲ್ಲ, ನನಗೆ ಗೊತ್ತದೆ.” ಅವಳ ಕಣ್ಣು ತುಂಬಿತು. “ಆದರೆ ನಾ ಬಂದ್ರೆ ಒಲೆ ಒಂದೇ ಆತದೆ. ನಾಳೆ ಉಳಿದವರು ನಿಮ್ಮ ಸುತ್ತ ಕೂತ್ಕೊಂಡು ಹೂಂ ಅನ್ನಿಸ್ತಾರೆ. ನೀವು ಒಳ್ಳೆಯವರು. ಬೇಡ ಅನ್ನೋಕೆ ಬರೋದಿಲ್ಲ ನಿಮಗೆ.”

ತನ್ನ ಹೆಂಡತಿ ತನ್ನನ್ನು ಇಷ್ಟು ತಿಳಿದಿದ್ದಾಳೆಂಬುದೇ ತಿಮ್ಮನಿಗೆ ಹೊಸದಾಗಿತ್ತು. ಮಳೆ ಜೋರಾಯಿತು. ಅವನು ತಲೆ ತಗ್ಗಿಸಿ ಒಳಗೆ ಬಂದು, ನೆಂಟರು ಕೂರುವಂತೆ ಗೋಡೆಯ ಪಕ್ಕ ಮುದುಡಿ ಕೂತ. ಅವಳು ಬಾಳೆಯೆಲೆ ಹಾಕಿ ಅನ್ನದ ಮಡಕೆ ಹತ್ತಿರ ಎಳೆದುಕೊಂಡಳು. ಇನ್ನು ಮುಂದೆ ಒಲೆ ಎರಡು, ಬದುಕು ಹೀಗೆಯೇ ಎಂದು ಇಬ್ಬರಿಗೂ ತಿಳಿದಿತ್ತು. ತಿಳಿದೂ ಇಬ್ಬರಿಗೂ ನಂಬಲಾಗುತ್ತಿರಲಿಲ್ಲ.